ಹಳಿ ತಲುಪದ ಊರುಗಳು

2025ರ ಜನವರಿ, ಸಂಕ್ರಾಂತಿ ಕಳೆದ ವಾರ. ಬಂಧುಗಳೊಬ್ಬರ ಮನೆಯ ಲಿಂಗದೀಕ್ಷೆಗೆಂದು ನಾವು ದೇವದುರ್ಗಕ್ಕೆ ಹೊರಟಿದ್ದೆವು. ರಾಯಚೂರಿನವರೆಗೆ ರೈಲಿನ ಪ್ರಯಾಣವು ಸುಖವಾಗಿಯೇ ಸಾಗಿತು.

ರಾಯಚೂರಿನ ನಿಲ್ದಾಣಕ್ಕೆ ದೊಡ್ಡ ಇತಿಹಾಸವಿದೆ. ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯೂ ಮದರಾಸು ರೈಲ್ವೆಯ ಹಳಿಯೂ 1871ರಲ್ಲಿ ಕೂಡಿದುದು ಇಲ್ಲಿಯೇ. ಅಂದಿನ ರೈಲ್ವೆ ಕಂಪನಿಗಳಿಗೆ ಹೂಡಿದ ಹಣದ ಮೇಲೆ ನೂರಕ್ಕೆ 5ರಂತೆ ಆದಾಯದ ಭರವಸೆಯನ್ನು ಆಂಗ್ಲ ಸರ್ಕಾರ ನೀಡಿತ್ತು. ಕೊರತೆ ಬಿದ್ದಾಗ ತುಂಬಿಕೊಟ್ಟುದು ಈ ನಾಡಿನ ಕಂದಾಯದ ಹಣ! ಬಂದರು, ಸೈನ್ಯ, ಹತ್ತಿ ಇವು ಆ ಲೆಕ್ಕದಲ್ಲಿದ್ದವು. ಮಾನ್ವಿ, ದೇವದುರ್ಗಗಳು ಇರಲಿಲ್ಲ. ಹಳಿಯು ಜಿಲ್ಲೆಯ ಮೂಡಣ ಅಂಚನ್ನು ಸವರಿಕೊಂಡು ಹೋಯಿತು.

ದೇವದುರ್ಗದ ದಾರಿಯಲ್ಲಿ ಹತ್ತಿ ಬಿಡಿಸಿ ಮುಗಿದ ಹೊಲಗಳು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಹರಿದಲ್ಲಿ ಹಸಿರು, ಉಳಿದೆಡೆ ಬಿರುಕು ಬಿಟ್ಟ ಎರೆಭೂಮಿ. ದೀಕ್ಷೆಯ ಕಾರ್ಯ ಸಾಂಗವಾಗಿ ನೆರವೇರಿತು. ಸಂಜೆ ಬಸ್ ನಿಲ್ದಾಣಕ್ಕೆ ಬಂದಾಗ ಅಲ್ಲಿ ಗಂಟುಮೂಟೆ, ಪಾತ್ರೆ, ಮಕ್ಕಳೊಡನೆ ಹಲವು ಕುಟುಂಬಗಳು ಕುಳಿತಿದ್ದವು.

“ಎಲ್ಲಿಗೆ ಹೊಂಟೀರಿ ತಾಯಿ?” ಎಂದು ನಮ್ಮವರು ಒಬ್ಬ ಮುದುಕಿಯನ್ನು ಕೇಳಿದರು.

“ಬೆಂಗಳೂರಿಗ್ರಿ ಯಪ್ಪಾ, ಕಟ್ಟಡದ ಕೆಲಸಕ್ಕ. ರಾಯಚೂರಿಗೆ ಹೋಗಿ ರೈಲ್ ಹಿಡೀಬೇಕು. ಬಸ್ ತುಂಬೇ ಬರತಾವ, ಎರಡು ಬಿಟ್ವಿ.”

2023ರ ಜೂನ್ ತಿಂಗಳಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಜಾರಿಗೆ ಬಂದಾಗ ಟೀಕಿಸಿದವರಲ್ಲಿ ನಾವೂ ಇದ್ದೆವು. ಆ ಮುದುಕಿಯ ಮುಂದೆ ನಿಂತು ಆ ಮಾತನ್ನು ಮತ್ತೆ ಆಡುವ ಧೈರ್ಯ ನಮಗಾಗಲಿಲ್ಲ.

ಮರುದಿನ ಮಾನ್ವಿಯಲ್ಲಿ ರೈಲಿನದೇ ಮಾತು. ಮುನಿರಾಬಾದ್–ಮೆಹಬೂಬನಗರ ಮಾರ್ಗವು ಮಂಜೂರಾದುದು 1997-98ರಲ್ಲಿ. ಗಿಣಿಗೇರಾ, ಗಂಗಾವತಿ, ಕಾರಟಗಿಗಳನ್ನು ದಾಟಿ ರೈಲು ಸಿಂಧನೂರನ್ನು ಮುಟ್ಟಿದುದು 2024ರ ಮಾರ್ಚಿನಲ್ಲಿ! ಅತ್ತ ಮೂಡಣದಲ್ಲಿ ಹಳಿಯು ಕೃಷ್ಣಾ ನಿಲ್ದಾಣಕ್ಕೆ ಕೂಡಿಕೊಂಡು, 2023ರ ಅಕ್ಟೋಬರ್ 1ರಂದು ಆ ಮಾರ್ಗವಾಗಿ ಹೈದರಾಬಾದ್–ರಾಯಚೂರು ರೈಲಿಗೆ ಚಾಲನೆ ದೊರೆಯಿತು. ನಡುವೆ ಉಳಿದುದು ಸಿಂಧನೂರಿನಿಂದ ಮಾನ್ವಿಯ ಮೇಲೆ ರಾಯಚೂರಿಗೆ ಬರಬೇಕಾದ ಭಾಗ. ನಾವು ಹೋದಾಗ ಮಾನ್ವಿಗೆ ರೈಲು ಬಂದಿರಲಿಲ್ಲ. ಮಂಜೂರಾದ ವರ್ಷ ಹುಟ್ಟಿದ ಕೂಸು ಈಗ ತನ್ನ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಗುಳೆ ಹೊರಟಿರಬಹುದು.

ಇಂತಹ ಮಾರ್ಗದಿಂದ ಲಾಭವೆಲ್ಲಿದೆ ಎಂದು ಕೇಳುವವರುಂಟು. ಇದೇ ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳು. ಪತಿಯು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಹೇಳಿದ ಶರಣೆ ಲಕ್ಕಮ್ಮ. ಸಾರ್ವಜನಿಕರ ಹಣವೂ ಹಾಗೆ ಎಲ್ಲರ ಅಂಗಳದ ಅಕ್ಕಿ; ಒಂದೂವರೆ ಶತಮಾನ ಒಂದೇ ಕಡೆಗೆ ಹರಿದುದನ್ನು ಇತ್ತಲೂ ಸುರಿಯಬೇಡವೇ? ಮಾನ್ವಿಯ ಭತ್ತದ ಚೀಲ, ಆಸ್ಪತ್ರೆಗೆ ಹೊರಟ ರೋಗಿ, ಕಾಲೇಜಿಗೆ ಹೋಗುವ ಹೆಣ್ಣುಮಗಳು ಇವರ ಲೆಕ್ಕವು ಟಿಕೆಟ್ಟಿನ ಹಣದಲ್ಲಿ ಪೂರ್ತಿ ಕಾಣದು. ತಡವಾದಷ್ಟೂ ಭೂಮಿ, ಕಬ್ಬಿಣ, ಕೂಲಿಗಳ ಬೆಲೆ ಏರುವುದನ್ನಂತೂ ಯಾರೂ ನಷ್ಟವೆಂದು ಬರೆದುಕೊಳ್ಳುವುದಿಲ್ಲ.

ಮಾನ್ವಿಗೆ ಹಳಿ ಬಂದರೂ ಅದು ದೇವದುರ್ಗವನ್ನು ಮುಟ್ಟದು. ಅಲ್ಲಿಯವರಿಗೆ ನಿಲ್ದಾಣಕ್ಕೆ ಹೊಂದಿಕೊಂಡ ವೇಳೆಯಲ್ಲಿ ಬಸ್ಸುಗಳಾದರೂ ಬೇಕು. ಮಾನ್ವಿಯ ಹಿರಿಯರೊಬ್ಬರು ಈ ಮಾತನ್ನೇ ಮನವಿಯಾಗಿ ಬರೆಸುತ್ತಿದ್ದರು. ನಾವೂ ಅದಕ್ಕೆ ಸಹಿ ಹಾಕಿ ರಾಯಚೂರಿನ ಬಸ್ಸನ್ನೇರಿದೆವು.