ಮೋಕದ ಮೂಕ ಯಂತ್ರ

ನನಗೆ ಶುಚಿತ್ವದ ಹುಚ್ಚು ಮಿತಿಮೀರಿದ್ದು ಎಂಬುದು ನನ್ನ ಶ್ರೀಮತಿಯ ಬಹುಕಾಲದ ಆಪಾದನೆ. ಹಳೆಯ ರಸೀದಿ, ತಳ ಒಡೆದ ಡಬ್ಬಿ, ಬೀಗ ಕಳೆದುಕೊಂಡ ಬೀಗದ ಕೈ - ಇವನ್ನು ಕಂಡರೆ ನನ್ನ ಕೈ ಸುಮ್ಮನಿರಲಾರದು. ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾಗಿ ಮೋಕಕ್ಕೆ ಬಂದು ನೆಲೆಸಿದ ಮೇಲೆ, ಮನೆಯಲ್ಲಿ ಗುಡಿಸುವುದಕ್ಕೆ ಇನ್ನೇನೂ ಉಳಿಯದೆ ನನ್ನ ಪೊರಕೆ ಗಣಕಯಂತ್ರದೊಳಕ್ಕೂ ನುಗ್ಗಿತು. ಮಗನು ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ಯಂತ್ರ ಅದು. ವಿಂಡೋಸ್ 10 ಎಂಬ ವ್ಯವಸ್ಥೆಯಿಂದ ನಡೆಯುತ್ತಿತ್ತು. ತುಸು ನಿಧಾನವಾದರೂ ನನ್ನ ನಡಿಗೆಗೆ ಸರಿಹೊಂದುತ್ತಿತ್ತು.

ಒಂದು ಮಧ್ಯಾಹ್ನ, ಯಂತ್ರದಲ್ಲಿ ಏನೇನು ತುಂಬಿಕೊಂಡಿದೆಯೆಂದು ಪಟ್ಟಿಯನ್ನು ತೆಗೆದು ನೋಡುತ್ತಿದ್ದೆ. ಅದರಲ್ಲಿ 'ರಿಯಲ್‌ಟೆಕ್' ಎಂಬ ಅಪರಿಚಿತ ಹೆಸರೊಂದು ಕಂಡಿತು. ಬಳ್ಳಾರಿಯ ಸುತ್ತಮುತ್ತ ಹೊಲಗಳೆಲ್ಲ ನಿವೇಶನಗಳಾಗುತ್ತಿರುವ ಕಾಲ. ರಸ್ತೆಯ ಇಕ್ಕೆಲಗಳಲ್ಲೂ 'ರಿಯಲ್' ಎಂದು ಆರಂಭವಾಗುವ ಫಲಕಗಳೇ. ಇವರಾರೋ ನನ್ನ ಗಣಕದೊಳಗೂ ಒಂದು ಫಲಕವನ್ನು ನೆಟ್ಟುಹೋಗಿದ್ದಾರೆಂದು ಭಾವಿಸಿ, ತೆಗೆದುಹಾಕು ಎಂದು ಆಜ್ಞಾಪಿಸಿದೆ. ನಿಶ್ಚಯವೇ ಎಂದು ಯಂತ್ರ ವಿನಯದಿಂದ ಕೇಳಿತು. ನಿಶ್ಚಯ ಎಂದೆ. ಜೀವಮಾನದಲ್ಲಿ ಅಷ್ಟು ನಿಶ್ಚಯದಿಂದ ನಾನು ಮಾಡಿದ ಕೆಲಸಗಳು ಹೆಚ್ಚಿಲ್ಲ.

ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಅದು ಮೂಕವಾಗಿತ್ತು. ಪರದೆಯ ಮೂಲೆಯಲ್ಲಿದ್ದ ಪುಟ್ಟ ಧ್ವನಿವರ್ಧಕದ ಚಿತ್ರದ ಮೇಲೆ ಕೆಂಪು ಕತ್ತರಿ ಗುರುತು ಬಿದ್ದಿತ್ತು. ಧ್ವನಿಯ ಸಾಧನವೇ ಇಲ್ಲವೆಂದು ಅದರ ಹೇಳಿಕೆ.

ಸಿನಿಮಾ ಹಾಡು ಕೇಳುವುದಕ್ಕೆ ಮಾತ್ರ ಆ ಧ್ವನಿ ಬೇಕಾಗಿದ್ದರೆ ನಾನು ಇಷ್ಟು ಕಂಗಾಲಾಗುತ್ತಿರಲಿಲ್ಲ. ನನ್ನ ತಾಯಿಯ ದನಿ ಇರುವ ಒಂದೇ ಒಂದು ಕ್ಯಾಸೆಟ್ ನನ್ನಲ್ಲಿತ್ತು. 1986ರ ಸುಗ್ಗಿಯಲ್ಲಿ, ಎರವಲು ತಂದ ಟೇಪ್‌ರೆಕಾರ್ಡರನ್ನು ಬೀಸುವ ಕಲ್ಲಿನ ಬದಿಯಲ್ಲಿಟ್ಟು ನಾನೇ ಮುದ್ರಿಸಿಕೊಂಡದ್ದು. ಆಕೆ ತೀರಿಕೊಂಡು ಮೂವತ್ತು ವರ್ಷಗಳು ಕಳೆದಿವೆ. ಪಟ್ಟಿಯ ಮೇಲಿನ ಕಂದು ಪುಡಿ ಉದುರತೊಡಗಿದ್ದುದರಿಂದ, ಟೇಪ್‌ರೆಕಾರ್ಡರಿನಿಂದ ಒಂದು ತಂತಿಯನ್ನು ಗಣಕದ ಹಿಂಭಾಗದ ನೀಲಿ ರಂಧ್ರಕ್ಕೆ ಕೊಟ್ಟು ದನಿಯನ್ನು ಒಳಗಿಳಿಸುತ್ತಿದ್ದೆ. ಮೊದಲನೆಯ ಮಗ್ಗುಲು ಮುಗಿದಿತ್ತು, ಎರಡನೆಯದು ಉಳಿದಿತ್ತು. ಧ್ವನಿ ಹೋಯಿತೆಂದರೆ ಹೊರಬರುವ ದನಿ ಮಾತ್ರವಲ್ಲ, ಒಳಹೋಗುವ ದನಿಯ ದಾರಿಯೂ ಮುಚ್ಚಿತು.

ಮರುದಿನ ಗಣಕದ ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಳ್ಳಾರಿಗೆ ಹೋದೆ. (ಕಂಡಕ್ಟರು ಅದಕ್ಕೊಂದು ಲಗೇಜು ಚೀಟಿ ಹರಿದದ್ದನ್ನು ನಾನಿನ್ನೂ ಮರೆತಿಲ್ಲ.) ಅಂಗಡಿಯ ತರುಣನು ಎರಡು ನಿಮಿಷ ನೋಡಿ, "ವಿಂಡೋಸ್ ಹೊಸದಾಗಿ ಹಾಕ್ಬೇಕು ಸರ್. ಸಂಜೆಗೆ ಬನ್ನಿ" ಎಂದನು.

"ಒಳಗಿರುವುದು?"

"ಸಿ ಡ್ರೈವ್‌ನಾಗ ಇರೋದೆಲ್ಲ ಹೋಗ್ತದೆ."

ನನ್ನ ಕಡತಗಳೆಲ್ಲ ಪರದೆಯ ಮೇಲೆಯೇ ಇವೆಯಲ್ಲ, ಅವಕ್ಕೇನು ಭಯವೆಂದು ಕೇಳಿದೆ. ಅವನು ನಕ್ಕನು. ಪರದೆಯ ಮೇಲೆ ಕಾಣುವುದೂ ಆ ಸಿ ಡ್ರೈವಿನೊಳಗಿನದೇ ಅಂತೆ! ಮನೆಯ ಜಗಲಿ ಮನೆಯ ಹೊರಗಿನದೆಂದು ನಾನು ತಿಳಿದಿದ್ದೆ. ಮನೆ ಕೆಡವಿದರೆ ಜಗಲಿಯೂ ಬೀಳುತ್ತದೆಂಬುದು ತೋಚಿರಲಿಲ್ಲ. ತಾಯಿಯ ಮೊದಲನೆಯ ಮಗ್ಗುಲಿನ ದನಿ, ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ನನ್ನ ಇಪ್ಪತ್ತು ವರ್ಷಗಳ ಟಿಪ್ಪಣಿಗಳು, ಎಲ್ಲವೂ ಆ ಜಗಲಿಯ ಮೇಲೆಯೇ ಇದ್ದವು. ಪೆಟ್ಟಿಗೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಹಿಂದಿರುಗಿದೆ. ಮತ್ತೊಂದು ಲಗೇಜು ಚೀಟಿ.

ಪಕ್ಕದ ಮನೆಯ ಹುಡುಗಿ ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಾಳೆ. ನನ್ನ ಮುಖವನ್ನು ಕಂಡು ತಾನಾಗಿಯೇ ಬಂದಳು.

"ತಾತ, ನೀವು ತೆಗ್ದಿದ್ದು ಒಂದು ತುಣುಕು. ಅದೊಂದನ್ನ ಹಾಕಿದ್ರಾತು. ಪೂರಾ ಮನಿ ಯಾಕೆ ಕೆಡವ್ತೀರಿ?"

ಆದರೆ ಕೆಲಸಕ್ಕೆ ಕೈಹಾಕುವ ಮುನ್ನ ಅವಳು ಒಂದು ಪೆನ್‌ಡ್ರೈವ್ ತರಿಸಿ, ಜಗಲಿಯ ಮೇಲಿದ್ದುದನ್ನೆಲ್ಲ ಅದಕ್ಕೆ ನಕಲು ಮಾಡಿಸಿದಳು. ನಾನು ಗುಡಿಸುವ ಮೊದಲೇ ಮಾಡಬೇಕಾಗಿದ್ದ ಕೆಲಸ.

ನಾನು ಕಿತ್ತೆಸೆದದ್ದು 'ಡ್ರೈವರ್' ಎಂಬುದಂತೆ. ಚಾಲಕನೆಂದರೆ ವಾಹನ ನಡೆಸುವವನು ಎಂದಷ್ಟೇ ಬಲ್ಲ ನನಗೆ ಅವಳು ಬಿಡಿಸಿ ಹೇಳಿದಳು. ದನಿಯು ಗಣಕದಲ್ಲಿ ಅಂಕೆಗಳಾಗಿ ಕುಳಿತಿರುತ್ತದೆ. ಅಡಕಮುದ್ರಿಕೆಯ ಗುಣಮಟ್ಟದಲ್ಲಾದರೆ ಸೆಕೆಂಡಿಗೆ 44,100 ಅಂಕೆಗಳು, ಅದೂ ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು. ಅವನ್ನು ವಿದ್ಯುತ್ತಿನ ಅಲೆಯಾಗಿಸುವುದು ಒಳಗಿನ ಫಲಕಕ್ಕೆ ಬೆಸೆದಿರುವ ಚಿಕ್ಕದೊಂದು ಚಿಪ್ಪು. ನನ್ನ ಯಂತ್ರದಲ್ಲಿದ್ದುದು ತೈವಾನಿನ ರಿಯಲ್‌ಟೆಕ್ ಕಂಪನಿಯದು, ನಿವೇಶನದ ವ್ಯಾಪಾರಿಗಳದಲ್ಲ. ವಿಂಡೋಸಿನ ಮಾತು ಚಿಪ್ಪಿಗೆ ತಿಳಿಯದು, ಚಿಪ್ಪಿನ ಮಾತು ವಿಂಡೋಸಿಗೆ ತಿಳಿಯದು. ಇಬ್ಬರ ನಡುವೆ ನಿಂತು ಮಾತು ದಾಟಿಸುವವನೇ ಡ್ರೈವರ್.

ದುಭಾಷಿ ಎಂದು ಮೊದಲೇ ಹೇಳಬಾರದಾಗಿತ್ತೆ! ಗಡಿನಾಡಿನವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ಮೈಸೂರು ಸಂಸ್ಥಾನಕ್ಕೆ ಸೇರಿತು. ನಕ್ಷೆಯ ಗೆರೆ ಎಲ್ಲಿ ಬಿದ್ದರೂ ಮೆಣಸಿನಕಾಯಿಯ ಚೌಕಾಸಿ ಎರಡು ಭಾಷೆಗಳಲ್ಲಿಯೇ ನಡೆಯುತ್ತ ಬಂದಿದೆ. ನಡುವಿನವನೊಬ್ಬ ಎದ್ದುಹೋದರೆ ಮಾಲೂ ಇರುತ್ತದೆ, ಹಣವೂ ಇರುತ್ತದೆ, ವ್ಯಾಪಾರ ಮಾತ್ರ ನಿಲ್ಲುತ್ತದೆ.

ಹುಡುಗಿ 'ಡಿವೈಸ್ ಮ್ಯಾನೇಜರ್' ಎಂಬ ಹಾಜರಿ ಪುಸ್ತಕವನ್ನು ತೆರೆದಳು. ಯಂತ್ರದ ಎಲ್ಲ ಅಂಗಗಳ ಹೆಸರೂ ಅಲ್ಲಿತ್ತು. ಧ್ವನಿಯ ಚಿಪ್ಪು ಮಾತ್ರ ಹಳದಿ ತ್ರಿಕೋನವನ್ನು ಹೊತ್ತು ಬೇರೆ ಸಾಲಿನಲ್ಲಿ, ಶಿಕ್ಷೆಗೊಳಗಾದ ಹುಡುಗನಂತೆ ನಿಂತಿತ್ತು. ಹಿಂದಿನ ದಿನಾಂಕದ ಸ್ಥಿತಿಗೆ ಯಂತ್ರವನ್ನು ಮರಳಿಸುವ 'ಸಿಸ್ಟಮ್ ರೀಸ್ಟೋರ್' ಎಂಬ ಸೌಲಭ್ಯವುಂಟಂತೆ. ಅದನ್ನು ಯಾರೂ ಎಂದೂ ಚಾಲೂ ಮಾಡಿಟ್ಟಿರಲಿಲ್ಲವಾಗಿ ಆ ದಾರಿ ಮುಚ್ಚಿತ್ತು. ಧ್ವನಿಗೆ ಸಂಬಂಧಿಸಿದ ಎರಡು ಸೇವೆಗಳು ಒಳಗೆ ನಡೆಯುತ್ತಿವೆಯೇ ಎಂದು ನೋಡಿದಳು, ನಡೆಯುತ್ತಿದ್ದವು. ಆಮೇಲೆ ಆ ತ್ರಿಕೋನದ ಮೇಲೆ ಬಲಗುಂಡಿ ಒತ್ತಿ, ಯಂತ್ರದಲ್ಲಿಯೇ ಇರುವ ಚಾಲಕಗಳ ಪಟ್ಟಿಯನ್ನು ತರಿಸಿ, 'ಹೈ ಡೆಫಿನಿಷನ್ ಆಡಿಯೋ ಡಿವೈಸ್' ಎಂಬುದನ್ನು ಆರಿಸಿದಳು. ಅದು ಮೈಕ್ರೋಸಾಫ್ಟಿನವರು ಎಲ್ಲರಿಗೂ ಒದಗಲೆಂದು ಇಟ್ಟಿರುವ ಸಾಧಾರಣ ದುಭಾಷಿ.

ಕೆಂಪು ಗುರುತು ಮಾಯವಾಯಿತು. ಮೊದಲನೆಯ ಮಗ್ಗುಲನ್ನು ಹಾಕಿದೆ. ತಾಯಿಯ ದನಿ ಕೋಣೆಯನ್ನು ತುಂಬಿತು. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಸಂತೋಷ ಅರ್ಧ ಗಂಟೆಯದು. ಟೇಪ್‌ರೆಕಾರ್ಡರಿನ ತಂತಿಯನ್ನು ನೀಲಿ ರಂಧ್ರಕ್ಕೆ ಕೊಟ್ಟರೆ ಯಂತ್ರಕ್ಕೆ ಅದರ ಪರಿವೆಯೇ ಇಲ್ಲ. ಬಾಡಿಗೆಯ ದುಭಾಷಿ ಮಾತನಾಡಬಲ್ಲವನಾಗಿದ್ದ; ನಮ್ಮ ಮನೆಯ ಬಾಗಿಲುಗಳ ಗುರುತು ಅವನಿಗಿರಲಿಲ್ಲ. ಹಳೆಯವನನ್ನೇ ಕರೆತರಬೇಕಾಯಿತು.

ಯಂತ್ರವನ್ನು ಕೊಂಡಾಗ ಅದರೊಡನೆ ಬಂದ ತಟ್ಟೆಯೊಂದಿರಬೇಕಲ್ಲ ಎಂದು ಹುಡುಗಿ ಕೇಳಿದಳು. ಇತ್ತು. ಹಿತ್ತಿಲ ಸಪೋಟ ಗಿಡದಲ್ಲಿ ಗಿಳಿಗಳನ್ನು ಬೆದರಿಸುತ್ತ ಎರಡು ಬೇಸಿಗೆಗಳಿಂದ ತೂಗಾಡುತ್ತಿತ್ತು. ನನ್ನ ಶುಚಿತ್ವದ ಇನ್ನೊಂದು ಸಾಧನೆ. ಇಳಿಸಿ ಒರೆಸಿ ನೋಡಿದೆವು. ಮೋಕದ ಬಿಸಿಲು ಅದರ ಮೇಲೆ ಏನನ್ನೂ ಉಳಿಸಿರಲಿಲ್ಲ.

ಅವಳು ಹಾಜರಿ ಪುಸ್ತಕದಲ್ಲಿ ಚಿಪ್ಪಿನ ವಿವರಗಳನ್ನು ತೆರೆದು ಎರಡು ಗುರುತುಗಳನ್ನು ಕಾಗದದ ಮೇಲೆ ಬರೆದುಕೊಂಡಳು: 10ಇಸಿ, 0887. ಮೊದಲನೆಯದು ರಿಯಲ್‌ಟೆಕ್ ಕಂಪನಿಯ ಮನೆತನದ ಸಂಖ್ಯೆ, ಎರಡನೆಯದು ಈ ಚಿಪ್ಪಿನ ಸ್ವಂತದ್ದು. ಒಳಗಿನ ಫಲಕದ ಹೆಸರನ್ನು 'ಸಿಸ್ಟಮ್ ಇನ್ಫರ್ಮೇಷನ್' ಎಂಬಲ್ಲಿ ಪತ್ತೆಹಚ್ಚಿದಳು. ಮೊಬೈಲಿನ ಅಂತರ್ಜಾಲವನ್ನು ಗಣಕಕ್ಕೆ ಹಂಚಿ, ಫಲಕವನ್ನು ತಯಾರಿಸಿದ ಕಂಪನಿಯ ತಾಣಕ್ಕೇ ಹೋಗಿ, ವಿಂಡೋಸ್ 10ಕ್ಕೆ ಹೊಂದುವ ಧ್ವನಿಚಾಲಕವನ್ನು ಇಳಿಸಿಕೊಂಡಳು. ಹಾದಿಯಲ್ಲಿ, ನಿಮ್ಮ ಎಲ್ಲ ಚಾಲಕಗಳನ್ನೂ ಸರಿಪಡಿಸುತ್ತೇವೆ ಎಂದು ಕೈಬೀಸಿ ಕರೆದವರು ಬಹಳ ಮಂದಿ. "ಅವ್ರ ಹತ್ರ ಹೋಗಬ್ಯಾಡ್ರಿ ತಾತ" ಎಂದಳು. ಜಾತ್ರೆಯಲ್ಲಿ ಮಕ್ಕಳಿಗೆ ನಾನು ಹೇಳುತ್ತಿದ್ದ ಮಾತು.

ಇಳಿದದ್ದನ್ನು ಸ್ಥಾಪಿಸಿ, ಯಂತ್ರವನ್ನು ನಿಲ್ಲಿಸಿ ಚಾಲೂ ಮಾಡಿದ್ದಾಯಿತು. ವಿಂಡೋಸನ್ನು ಯಾರೂ ಮುಟ್ಟಲಿಲ್ಲ. ನುಡಿ ಇದ್ದಲ್ಲೇ ಇತ್ತು, ಟಿಪ್ಪಣಿಗಳು ಜಗಲಿಯ ಮೇಲೆಯೇ ಇದ್ದವು. ನಾನು ಉಸಿರು ಬಿಗಿಹಿಡಿದು ತಂತಿಯನ್ನು ನೀಲಿ ರಂಧ್ರಕ್ಕೆ ಒತ್ತಿದೆ. ಪರದೆಯ ಮೇಲೆ ಸಣ್ಣ ಕಿಟಕಿಯೊಂದು ತೆರೆದು, ಈಗ ಸೇರಿಸಿದ್ದು ಯಾವ ಸಾಧನವೆಂದು ವಿಚಾರಿಸಿತು. ಹಳೆಯವನೇ ಸೈ! ಬಾಗಿಲ ಸದ್ದಾದೊಡನೆ ಯಾರು ಬಂದವರೆಂದು ಕೇಳುವವನು.

ಎರಡನೆಯ ಮಗ್ಗುಲು ಅರ್ಧ ಗಂಟೆಯದು. ಪಟ್ಟಿ ಎಲ್ಲಿ ಹರಿಯುವುದೋ ಎಂದು ಸುರುಳಿಯನ್ನೇ ನೋಡುತ್ತ ಕುಳಿತೆವು. ಎರಡು ಹಾಡುಗಳಾದ ಮೇಲೆ ಬೀಸುವ ಕಲ್ಲು ನಿಂತಿತು. ಬಾಗಿಲ ಬಳಿ ಯಾರೋ ಬಂದ ಸದ್ದು. ಆಲೂರಿನಿಂದ ದೊಡ್ಡಮ್ಮ ಬಂದಿದ್ದಳೆಂಬುದು ನನಗೆ ಆ ಕ್ಷಣದವರೆಗೂ ಮರೆತೇಹೋಗಿತ್ತು. ತಾಯಿ ಆಕೆಯೊಡನೆ ತೆಲುಗಿನಲ್ಲಿ ಮಾತಿಗಿಳಿದಳು - ಮಳೆ, ಹತ್ತಿಯ ಧಾರಣೆ, ಯಾರದೋ ಮಗಳ ಬಾಣಂತನ. ನಡುನಡುವೆ ನನ್ನ ಕಡೆ ತಿರುಗಿ, "ದೊಡ್ಡಮ್ಮ ಏನಂತಾಳ ಗೊತ್ತೇನೋ" ಎಂದು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದಳು. ನನಗೆ ತೆಲುಗು ಚೆನ್ನಾಗಿ ಬರುತ್ತಿದ್ದರೂ ಕೂಡ. ಒಮ್ಮೆ ಇಬ್ಬರೂ ಜೋರಾಗಿ ನಕ್ಕರು. ಆ ಮಾತನ್ನು ಮಾತ್ರ ತಾಯಿ ಕನ್ನಡಕ್ಕೆ ತರಲಿಲ್ಲ.

ನನ್ನ ಶ್ರೀಮತಿ ಶಿವಮೊಗ್ಗೆಯ ಕಡೆಯವಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದವಳು, "ಅತ್ತೆ ಏನೆಂದರು?" ಎಂದು ಕೇಳಿದಳು. ಪಟ್ಟಿಯನ್ನು ನಿಲ್ಲಿಸುವಂತಿರಲಿಲ್ಲ. ಆಕೆಯ ಬಳಿಗೆ ಹೋಗಿ ಮೆಲುದನಿಯಲ್ಲಿ ಹೇಳಿದೆ.