ಅಂಜಿಕೆಗೊಂದು ಅಳತೆ

ಅಂಜುಬುರುಕನನ್ನು ಕಂಡರೆ ನಾವು ಅವನನ್ನು ಕುರಿಗೆ ಹೋಲಿಸುತ್ತೇವೆ. ವಿಚಾರ ಮಾಡದೆ ಒಬ್ಬರ ಹಿಂದೊಬ್ಬರು ನಡೆಯುವ ಜನರನ್ನು ಕುರಿಮಂದೆಯೆಂದು ಜರೆಯುತ್ತೇವೆ. ಹೀಗೆನ್ನುವಾಗ ನಾವು ನೋಡುವುದು ಮಂದೆಯನ್ನೇ ಹೊರತು ಕುರಿಯನ್ನಲ್ಲ. ಮಂದೆಯೊಳಗಿನ ಪ್ರತಿಯೊಂದು ಕುರಿಗೂ ತನ್ನದೇ ಆದ ಸ್ವಭಾವವಿದೆಯೆಂಬುದು ನಮ್ಮ ಗಮನಕ್ಕೆ ಬರುವುದೇ ಇಲ್ಲ.

ಕುರಿ ಕಾಯುವವರಿಗೆ ಇದು ಹೊಸ ಸಂಗತಿಯಲ್ಲ. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆಯ ಹೊಲಗಳಲ್ಲಿ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸುವುದುಂಟು. ಒಮ್ಮೆ ಅಂಥ ಮಂದೆಯ ಮುದುಕರೊಬ್ಬರನ್ನು, "ಅಜ್ಜಾ, ಇವೆಲ್ಲ ಒಂದೇ ತರಹ ಕಾಣುತ್ತವಲ್ಲ?" ಎಂದು ಕೇಳಿದೆ. ಅವರು ನಕ್ಕು, ಕೋಲಿನಿಂದ ಎರಡು ಕುರಿಗಳನ್ನು ತೋರಿಸಿ, "ಅದು ನಾಯಿ ಬೊಗಳಿದರೂ ಮೇವು ಬಿಡೋದಿಲ್ಲ, ಇದು ಎಲೆ ಅಲುಗಿದರೂ ಓಡುತ್ತೆ" ಎಂದರು. ಅನುಭವಿಗಳ ಕಣ್ಣಿಗೆ ಕಾಣುವ ಈ ಅಂತರವನ್ನು ಅಂಕಿಗಳಲ್ಲಿ ಅಳೆಯಬಹುದೇ?

ಕುರಿಸಾಕಣೆಗೆ ಹೆಸರಾದ ಆಸ್ಟ್ರೇಲಿಯದಲ್ಲಿ ಈ ಪ್ರಯತ್ನ ನಡೆದಿದೆ. ವೆಸ್ಟರ್ನ್ ಆಸ್ಟ್ರೇಲಿಯ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 1990ರಿಂದ ಮೆರಿನೊ ಕುರಿಗಳಲ್ಲಿ ಶಾಂತ ಸ್ವಭಾವದವು, ಅಂಜುವ ಸ್ವಭಾವದವು ಎಂಬ ಎರಡು ಪಂಗಡಗಳನ್ನು ಆರಿಸಿ ಬೆಳೆಸಿದರು. ಆಯ್ಕೆಗೆ ಅವರು ಎರಡು ಪರೀಕ್ಷೆಗಳನ್ನು ಬಳಸಿದರು. ಮೊದಲನೆಯದರಲ್ಲಿ, ಬೇಲಿ ಕಟ್ಟಿದ ಅಂಗಳದ ಒಂದು ತುದಿಯಲ್ಲಿ ಕುರಿಯ ಸಂಗಾತಿಗಳಿರುತ್ತವೆ. ಅವುಗಳ ಮುಂದೆ ಮನುಷ್ಯನೊಬ್ಬ ಅಲುಗದೆ ನಿಂತಿರುತ್ತಾನೆ. ಒಳಗೆ ಬಿಟ್ಟ ಕುರಿಯನ್ನು ಸಂಗಾತಿಗಳ ಸೆಳೆತ ಮುಂದಕ್ಕೆ ಎಳೆದರೆ, ಮನುಷ್ಯನ ಭಯ ಹಿಂದಕ್ಕೆ ತಳ್ಳುತ್ತದೆ. ಅದು ಎಷ್ಟು ಓಡಾಡಿತು, ಎಷ್ಟು ಸಲ ಅರಚಿತು ಎಂಬುದನ್ನು ಎಣಿಸುತ್ತಾರೆ. ಎರಡನೆಯದರಲ್ಲಿ, ಕುರಿಯನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಸ್ವಲ್ಪ ಹೊತ್ತು ಒಂಟಿಯಾಗಿ ನಿಲ್ಲಿಸುತ್ತಾರೆ. ಅದು ಚಡಪಡಿಸಿದಂತೆಲ್ಲ ಪೆಟ್ಟಿಗೆ ಅದುರುತ್ತದೆ. ಆ ಅದುರನ್ನು ಒಂದು ಉಪಕರಣ ದಾಖಲಿಸುತ್ತದೆ.

ಕುರಿಯ ಅಂಜಿಕೆಯಲ್ಲಿ ಮನುಷ್ಯನ ಭಯದ ಜೊತೆಗೆ ಒಂಟಿತನದ ಸಂಕಟವೂ ಬೆರೆತಿದೆಯೆಂಬುದನ್ನು ಈ ಪರೀಕ್ಷೆಗಳು ತೋರಿಸುತ್ತವೆ. ಇಂಗ್ಲೆಂಡಿನ ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಪುಷ್ಟಿ ಕೊಡುತ್ತದೆ. ಒಂಟಿಯಾದ ಕುರಿಗೆ ಇನ್ನೊಂದು ಕುರಿಯ ಮುಖದ ಚಿತ್ರವನ್ನು ತೋರಿಸಿದಾಗ ಅದರ ಎದೆಬಡಿತ ಇಳಿಯಿತು, ಅರಚಾಟ ಕಡಿಮೆಯಾಯಿತು. ಮೇಕೆಯ ಮುಖವಾಗಲಿ ಬರಿಯ ತ್ರಿಕೋನವಾಗಲಿ ಅಷ್ಟು ಸಮಾಧಾನ ಕೊಡಲಿಲ್ಲ.

ಈ ಅಳತೆಯಿಂದ ಆಗುವ ಪ್ರಯೋಜನವೇನು? ಅದು ಮರಿಗಳ ಅಳಿವು ಉಳಿವಿನ ಪ್ರಶ್ನೆ. ಹುಟ್ಟಿದ ಮರಿಯ ಬಳಿ ನಿಂತು ನೆಕ್ಕಿ ಹಾಲೂಡಿಸುವ ತಾಯಿ ಬೆದರಿ ಓಡಿದರೆ ಮರಿಗೆ ದಿಕ್ಕಿಲ್ಲ. ಶಾಂತ ಸ್ವಭಾವದ ತಾಯಂದಿರು ಬೇಗನೆ ಮರಿಯ ಬಳಿಗೆ ಮರಳಿದವು. ಅವುಗಳ ಮರಿಗಳು ಹೆಚ್ಚಾಗಿ ಬದುಕಿದವು. ಹುಟ್ಟಿದೊಡನೆ ಮರಿಗಳನ್ನು ಅದಲು ಬದಲು ಮಾಡಿ ಸಾಕಿಸಿದಾಗ ಇನ್ನೊಂದು ಸಂಗತಿ ತಿಳಿಯಿತು: ಮರಿಯ ಸ್ವಭಾವ ಸಾಕಿದ ತಾಯಿಯದನ್ನಲ್ಲ, ಹೆತ್ತವರದನ್ನೇ ಹೋಲುತ್ತಿತ್ತು.

ಹಾಗೆಂದು ಅಂಜಿಕೆಯನ್ನು ದೋಷವೆಂದು ತಳ್ಳಿಹಾಕಲಾಗದು. ಕೋರೆಹಲ್ಲಾಗಲಿ ಪಂಜಾಗಲಿ ಇಲ್ಲದ ಈ ಪ್ರಾಣಿಯ ಪೂರ್ವಜರನ್ನು ತೋಳದ ಬಾಯಿಂದ ಉಳಿಸಿದ್ದು ಇದೇ ಅಂಜಿಕೆ. ಹುಟ್ಟಿನಿಂದಲೇ ಬಂದ ಗುಣಕ್ಕಾಗಿ ಕುರಿಯನ್ನು ಗದರಿಸಿ ಫಲವೂ ಇಲ್ಲ. ಅದನ್ನು ಜೊತೆಯಿಂದ ಅಗಲಿಸದಿರುವುದು, ಅದರ ಬಳಿ ಮೆಲ್ಲನೆ ನಡೆಯುವುದು, ಕೂಗಾಡದಿರುವುದು ನಮ್ಮ ಕೈಯಲ್ಲಿದೆ.

ಮನುಷ್ಯರ ವಿಷಯದಲ್ಲಿಯೂ ಇದು ಸಲ್ಲುವ ಮಾತೆಂದು ನನಗೆ ತೋರುತ್ತದೆ. ತರಗತಿಯಲ್ಲಿ ಮಾತನಾಡಲು ನಡುಗುವ ಗೆಳೆಯನನ್ನು ಪುಕ್ಕಲನೆಂದು ಹಳಿಯುವುದು ಸುಲಭ. ಆದರೆ ಅವನು ಯಾವ ಸಂಗಾತಿಗಳಿಂದ ಅಗಲಿ ನಿಂತಿದ್ದಾನೆ, ಅವನ ದಾರಿಗೆ ಅಡ್ಡವಾಗಿ ನಿಂತಿರುವವರು ಯಾರು ಎಂಬುದನ್ನು ಮೊದಲು ನೋಡಬೇಕು. ಅಡ್ಡ ನಿಂತವರು ನಾವೇ ಆಗಿದ್ದರೆ, ಪಕ್ಕಕ್ಕೆ ಸರಿದು ದಾರಿ ಬಿಡುವುದು ನಮ್ಮ ಕರ್ತವ್ಯ.