ತೊಳೆದರೂ ಹೋಗದ ಸದ್ದು

ಹಳೆಯ ರೆಕಾರ್ಡು ಕರಕರ ಎಂದರೆ ಸಾಕು, ಕೆಟ್ಟಿದೆ ಎಂದು ಗುಜರಿಗೆ ಹಾಕುವವರೇ ಹೆಚ್ಚು. ಹಾಕುವ ಮುನ್ನ ಒಮ್ಮೆ ತೊಳೆದು, ಕಿವಿಗೊಟ್ಟು ಕೇಳಿ. ದಾವಣಗೆರೆಯ ಮನೆ ಖಾಲಿ ಮಾಡುವಾಗ ಅಪ್ಪ ಬಿಟ್ಟುಹೋದ 40 ರೆಕಾರ್ಡುಗಳಿಗೆ ನಾವು ಮಾಡಿದ್ದು ಅದನ್ನೇ. ಅಮ್ಮ ಬೆಂಗಳೂರಿಗೆ, ತಮ್ಮನ ಫ್ಲ್ಯಾಟಿಗೆ ಹೊರಟಿದ್ದಳು. ಅಲ್ಲಿ ಜಾಗ ಕಡಿಮೆ. ಚೆನ್ನಾಗಿರುವುದನ್ನು ಮಾರುವುದು, ಉಳಿದದ್ದು ಗುಜರಿಗೆ ಎಂದು ತಮ್ಮ ಹೇಳಿದ. ವಿಂಗಡಿಸುವ ಕೆಲಸ ನನ್ನ ಮತ್ತು 10 ವರ್ಷದ ಮಗಳ ಪಾಲಿಗೆ ಬಂತು.

ಮೊದಲು ರೆಕಾರ್ಡು ಯಾವ ಬಗೆಯದೆಂದು ತಿಳಿಯಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟುಗಳು ಹೆಚ್ಚಾಗಿ ಅರಗಿನವು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದು ಇಂಥ ಅರಗಿನ ಪ್ಲೇಟುಗಳಿಗೇ. ಪಾಂಡವರನ್ನು ಸುಡಲು ಕಟ್ಟಿದ ಅರಗಿನ ಮನೆಯ ಕಥೆ ಗೊತ್ತಲ್ಲ, ಅದೇ ಅರಗು. ಪುಟ್ಟ ಕೀಟವೊಂದು ಮರದ ಕೊಂಬೆಯ ಮೇಲೆ ಸ್ರವಿಸುವ ಅಂಟು. ಬಡಗಿಗಳು ಪಾಲಿಷ್ ಮಾಡಲು ಅದನ್ನು ಸ್ಪಿರಿಟ್ಟಿನಲ್ಲಿ ಕರಗಿಸುತ್ತಾರೆ. ಹಾಗಾಗಿ ಈ ಪ್ಲೇಟುಗಳ ಹತ್ತಿರ ಸ್ಪಿರಿಟ್ ತರಲೇಬಾರದು, ಹಾಡೇ ಕರಗಿಹೋದೀತು! 1948ರಲ್ಲಿ ಅಮೆರಿಕದಲ್ಲಿ ಬಂದ ಎಲ್‌ಪಿಗಳು ವಿನೈಲ್ ಎಂಬ ಪ್ಲಾಸ್ಟಿಕ್ಕಿನವು. ನಿಮಿಷಕ್ಕೆ 33⅓ ಸುತ್ತು.

ತೊಳೆಯಲು ಬೋರ್‌ವೆಲ್ ನೀರು ಬೇಡ. ಹಂಡೆಯೊಳಗೆ ಕಟ್ಟುವ ಬಿಳಿ ಪದರ ರೆಕಾರ್ಡಿನ ಗೆರೆಗಳಲ್ಲೂ ಕಟ್ಟುತ್ತದೆ. ಒಂದು ಬಟ್ಟಲು ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ತೊಳೆಯುವ ಸೋಪಿನ ದ್ರವ ಒಂದೇ ಹನಿ ಹಾಕಿದೆವು. ಮೆತ್ತನೆಯ ಬಟ್ಟೆ ಅದ್ದಿ, ಗೆರೆ ಸಾಗಿದ ದಿಕ್ಕಿನಲ್ಲೇ ಸುತ್ತ ಒರೆಸಿದೆವು. ನಡುವಿನ ಕಾಗದದ ಲೇಬಲ್ ನೆನೆಯಬಾರದು. ಮತ್ತೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಒರೆಸಿ, ಊಟದ ತಟ್ಟೆ ಜೋಡಿಸುವ ಸ್ಟ್ಯಾಂಡಿನಲ್ಲಿ ನೆರಳಿಗೆ ನಿಲ್ಲಿಸಿದೆವು. ಬಿಸಿಲಿಗಿಟ್ಟರೆ ವಿನೈಲ್ ಹಪ್ಪಳದಂತೆ ಸೊಟ್ಟಗಾಗುತ್ತದೆ.

ಆಮೇಲೆ ಪರೀಕ್ಷೆ. ಪ್ಲೇಯರಿಗೆ ಹೊಸ ಸೂಜಿ ಹಾಕಿಸಿದೆ. ಸವೆದ ಸೂಜಿ ಒಳ್ಳೆಯ ರೆಕಾರ್ಡನ್ನೂ ಹಾಳುಮಾಡುತ್ತದೆ. ಒಗ್ಗರಣೆಯ ಸಾಸಿವೆಯಂತೆ ಹೇಗೆಂದರೆ ಹಾಗೆ ಚಟಪಟ ಎಂದರೆ ಅದು ಧೂಳು, ಇನ್ನೊಮ್ಮೆ ತೊಳೆಯಬಹುದು. ಗಡಿಯಾರದಂತೆ ತಪ್ಪದೆ ಟಕ್ ಟಕ್ ಎಂದರೆ ಗೀರು. ಎಲ್‌ಪಿ ಒಂದು ಸುತ್ತಿಗೆ 1.8 ಸೆಕೆಂಡ್ ತೆಗೆದುಕೊಳ್ಳುತ್ತದೆ. ಅಂದರೆ 18 ಸೆಕೆಂಡಿಗೆ 10 ಟಕ್. ಮಗಳು ವಾಚು ಹಿಡಿದು ಎಣಿಸಿದಳು, ಲೆಕ್ಕ ಸರಿಯಾಗಿತ್ತು!

ಮೂರನೆಯ ಕೇಡು ಸವೆತ. ಇದರಲ್ಲಿ ‘ಸ’, ‘ಶ’ ಅಕ್ಷರಗಳು ಹರಿದಂತೆ ಕೇಳುತ್ತವೆ. ಪ್ಲೇಟಿನ ಕೊನೆಯ ಹಾಡಿನಲ್ಲಿ ಸವೆತವಿಲ್ಲದೆಯೂ ದನಿ ತುಸು ಒರಟಾಗಬಹುದು. ಒಳಸುತ್ತು ಚಿಕ್ಕದು, ಅಷ್ಟೇ ಹೊತ್ತಿನ ದನಿ ಕಡಿಮೆ ಜಾಗದಲ್ಲಿ ಹಿಡಿಸಬೇಕಲ್ಲ.

ದಾಸರ ಪದಗಳ ಒಂದು ಎಲ್‌ಪಿ ಮಾತ್ರ ನಮ್ಮನ್ನು ಕಾಡಿತು. ಗೀರಿಲ್ಲ, ಧೂಳಿಲ್ಲ. ಮೊದಲ ಹಾಡು ತಿಳಿ, ಕೊನೆಯದೂ ತಿಳಿ. ಎರಡನೆಯದು ಮಾತ್ರ ಹರಿದ ದನಿ. ಎರಡು ಸಲ ತೊಳೆದರೂ ಅಷ್ಟೇ.

‘ಅಜ್ಜ ಇದೊಂದನ್ನೇ ಹಾಕಿ ಹಾಕಿ ಸವೆಸಿದ್ದಾರೆ’ ಎಂದು ಮಗಳು ತೀರ್ಪು ಕೊಟ್ಟಳು.

ಪಾತ್ರೆ ಕಟ್ಟುತ್ತಿದ್ದ ಅಮ್ಮ ತಲೆಯೆತ್ತಿದಳು. ‘ನಿಮ್ಮಜ್ಜನಿಗೆ ಆ ಹಾಡು ಅಷ್ಟಕ್ಕಷ್ಟೇ ಕಣೇ. ನಾನು ಅಡುಗೆಮನೆಯಿಂದ ಇನ್ನೊಂದ್ಸಲ ಹಾಕ್ರೀ ಅಂದಾಗಲೆಲ್ಲ ಪೇಪರ್ ಕೆಳಗಿಟ್ಟು ಎದ್ದು, ಸೂಜಿ ಹಿಂದಕ್ಕೆ ಇಡೋರು.’

ರೆಕಾರ್ಡು ಕೊಳ್ಳಲು ಬಂದವರು ಅದನ್ನು ಕೇಳಿ, ಬೆಲೆಯಿಲ್ಲವೆಂದು ಪಕ್ಕಕ್ಕಿಟ್ಟರು. ಗುಜರಿಯ ರಾಶಿಯಿಂದ ಅದನ್ನು ಎತ್ತಿಕೊಂಡವನು ತಮ್ಮನೇ. ಹಳೆಯ ಸೀರೆಯಲ್ಲಿ ಸುತ್ತಿ ಅಮ್ಮನ ಬಟ್ಟೆಯ ಪೆಟ್ಟಿಗೆಯಲ್ಲಿಟ್ಟ. ಬೆಂಗಳೂರಿನಲ್ಲಿ ಚಪ್ಪಲಿ ಸ್ಟ್ಯಾಂಡನ್ನು ಬಾಲ್ಕನಿಗೆ ಸರಿಸಿ ಪ್ಲೇಯರಿಗೂ ಜಾಗ ಮಾಡಿದ್ದಾನೆ.